ಅಂಕಣದ ಗೆರೆಯೊಳಗೆ ಪಕ್ಷದ ಗುರುತು ಬೇಡ: ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಅಧಿಕಾರಿಗಳಿಗೆ, ಹಾಗೂ ಸಿರುಗುಪ್ಪದಿಂದ ಸಂಡೂರಿನವರೆಗೆ ಊರೂರಲ್ಲಿ ಪಂದ್ಯಾವಳಿ ನಡೆಸುವ ಯುವಕ ಸಂಘಗಳಿಗೆ,

ನಮಸ್ಕಾರ.

ಕಬಡ್ಡಿ, ವಾಲಿಬಾಲ್ ಪಂದ್ಯಗಳಿಗೆ ಸೀಟಿ ಊದುವವರು, ಅಂಕ ಬರೆಯುವವರು, ಹುಡುಗ ಹುಡುಗಿಯರಿಗೆ ತರಬೇತಿ ಕೊಡುವವರು ಸೇರಿ ಬರೆದ ಪತ್ರ ಇದು. ಮೈದಾನ ಬಳಸಲು ತಾವು ಕೊಡುವ ಅನುಮತಿ ಪತ್ರಕ್ಕೆ ಒಂದು ಪುಟದ ಷರತ್ತು ಸೇರಿಸಿ ಎಂದು ಕೇಳುತ್ತಿದ್ದೇವೆ. ಆಟ ನಡೆಯುವ ಜಾಗದಲ್ಲಾಗಲಿ, ಆಟಗಾರರ ಮೈಮೇಲಾಗಲಿ ಯಾವ ಪಕ್ಷದ, ನಾಯಕರ, ಟಿಕೆಟ್ ಆಕಾಂಕ್ಷಿಯ ಹೆಸರು, ಚಿತ್ರ, ಚಿಹ್ನೆ ಇರಬಾರದು. ಆಟಗಾರನ ಲಿಖಿತ ಒಪ್ಪಿಗೆ ಇಲ್ಲದೆ ಅವನ ಚಿತ್ರವನ್ನು ಯಾರೂ ಪ್ರಚಾರಕ್ಕೆ ಬಳಸಬಾರದು. ಇದು ಯಾಕೆ ಬೇಕು ಎಂಬುದನ್ನು ಆಟದ ಲೆಕ್ಕದಲ್ಲೇ ಹೇಳುತ್ತೇವೆ.

ಮೊದಲು ಜೆರ್ಸಿಯ ವಿಷಯ. ಕಬಡ್ಡಿ ನಿಯಮದ ಪ್ರಕಾರ ಎದೆಯ ಮೇಲಿನ ಸಂಖ್ಯೆ ಕನಿಷ್ಠ 4 ಇಂಚು, ಬೆನ್ನ ಮೇಲಿನದು ಕನಿಷ್ಠ 6 ಇಂಚು ಇರಬೇಕು. ಈ ಅಳತೆಗೆ ಕಾರಣವಿದೆ. ಕಬಡ್ಡಿಯಲ್ಲಿ ಔಟಾದವರು ಔಟಾದ ಕ್ರಮದಲ್ಲೇ ಮರಳಿ ಒಳಗೆ ಬರಬೇಕು. ಎದುರು ತಂಡದ ಅಂಕಣಕ್ಕೆ ನುಗ್ಗುವ ರೇಡರ್ ಒಂದೇ ಉಸಿರಿನಲ್ಲಿ ಮೂವರನ್ನು ಮುಟ್ಟಿ ನಡುಗೆರೆ ದಾಟಿದನೆಂದರೆ, ಮೊದಲು ಮುಟ್ಟಿಸಿಕೊಂಡವರು ಯಾರು, ಆಮೇಲೆ ಯಾರು ಎಂದು ಅಂಪೈರ್ ಕೂಗಿ ಹೇಳುತ್ತಾರೆ, ಸಹಾಯಕ ಸ್ಕೋರರ್ ಸಂಖ್ಯೆ ನೋಡಿ ಬರೆದುಕೊಳ್ಳುತ್ತಾರೆ. ಬೆನ್ನ ತುಂಬ ನಾಯಕರ ಮುಖ ಅಚ್ಚಾಗಿ ಸಂಖ್ಯೆ ಸೊಂಟದ ಬಳಿ ಎರಡು ಇಂಚಿಗೆ ಕುಗ್ಗಿದ್ದರೆ, ಮಣ್ಣು ಮೆತ್ತಿದ ಬಟ್ಟೆಯಲ್ಲಿ 3 ಯಾವುದು, 8 ಯಾವುದು ಗೊತ್ತಾಗುವುದಿಲ್ಲ. ಎರಡು ರೇಡ್ ಕಳೆದು ತಪ್ಪು ಆಟಗಾರ ಒಳಗೆ ಬರುತ್ತಾನೆ, ಎದುರು ತಂಡ ತಕರಾರು ತೆಗೆಯುತ್ತದೆ, ಆಟ ನಿಲ್ಲುತ್ತದೆ. ಊರ ಪಂದ್ಯಗಳ ಜಗಳಗಳಲ್ಲಿ ಎಷ್ಟೋ ಹೀಗೆ ಸ್ಕೋರರ್ ಮೇಜಿನ ಹತ್ತಿರ ಹುಟ್ಟುತ್ತವೆ.

ವಾಲಿಬಾಲಿನಲ್ಲೂ ಇದೇ ಕಥೆ. ಅಲ್ಲಿ ಸಂಖ್ಯೆ ಎದೆಯ ಮೇಲೆ ಕನಿಷ್ಠ 15 ಸೆಂಟಿಮೀಟರ್, ಬೆನ್ನ ಮೇಲೆ 20 ಸೆಂಟಿಮೀಟರ್ ಎತ್ತರ, ಅಂಕಿಯ ಗೆರೆ 2 ಸೆಂಟಿಮೀಟರ್ ದಪ್ಪ ಇರಬೇಕು. ಸರ್ವ್ ಮಾಡುವ ಸರದಿ ತಪ್ಪಿತೇ ಇಲ್ಲವೇ ಎಂಬುದು ಆ ಅಂಕಿಯಿಂದಲೇ ತೀರ್ಮಾನ. ಇನ್ನೊಂದು ತೊಂದರೆ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ: ಒಬ್ಬರೇ ದಾನಿ ಎಂಟು ತಂಡಗಳಿಗೂ ಒಂದೇ ಬಣ್ಣದ ಜೆರ್ಸಿ ಮಾಡಿಸಿ ಕೊಡುತ್ತಾರೆ, ಅದೂ ಅವರ ಪಕ್ಷದ ಬಣ್ಣ. ಕಬಡ್ಡಿಯಲ್ಲಿ ರೇಡರ್‌ನನ್ನು ನಾಲ್ವರು ಹಿಡಿದು ಉರುಳಿದಾಗ ನಡುಗೆರೆ ಮುಟ್ಟಿದ ಕೈ ಯಾವ ತಂಡದ್ದು ಎಂದು ರೆಫ್ರಿ ಹೇಗೆ ಹೇಳಬೇಕು? ಅದರ ಮೇಲೆ, ಬೆನ್ನ ತುಂಬ ಹಾಕಿದ ರಬ್ಬರ್ ಪ್ರಿಂಟ್ ಗಾಳಿ ಆಡಲು ಬಿಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಳ್ಳಾರಿಯಲ್ಲಿ ಆ ಬಟ್ಟೆ ಹಾಕಿಕೊಂಡು 40 ನಿಮಿಷ ಆಡುವ ಹುಡುಗನ ಮೈ ಎಷ್ಟು ಕುದಿಯುತ್ತದೆ ಎಂದು ಯೋಚಿಸಿ. ಜೀನ್ಸ್ ಹೊಲಿಯುವ ಊರಿಗೆ ಬಟ್ಟೆಯ ಗುಣ ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ಮುಖ್ಯ ಅತಿಥಿಗಳ ಸಮಯ. 16 ತಂಡಗಳ ಕಬಡ್ಡಿ ನಾಕೌಟ್ ಎಂದರೆ 15 ಪಂದ್ಯ, ಮೂರನೇ ಸ್ಥಾನಕ್ಕೂ ಆಡಿಸಿದರೆ 16. ಒಂದು ಪಂದ್ಯಕ್ಕೆ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷದ ಬಿಡುವು. ಟೈಮ್ ಔಟ್, ಟಾಸ್, ತಂಡ ಬದಲಾಗುವ ಹೊತ್ತು ಸೇರಿದರೆ ಒಂದು ಗಂಟೆ. ಎರಡು ಅಂಕಣ ಇದ್ದರೂ ಕಡಿಮೆ ಎಂದರೆ ಎಂಟು ಗಂಟೆಯ ಕೆಲಸ. ಬಿಸಿಲಿಗೆ ಅಂಜಿ ಸಂಜೆ 5ಕ್ಕೆ ಇಟ್ಟ ಉದ್ಘಾಟನೆ, ನಾಯಕರು ಇನ್ನೊಂದು ಊರಿನ ಮದುವೆ ಮುಗಿಸಿ ಬರುವ ಹೊತ್ತಿಗೆ 7 ದಾಟಿರುತ್ತದೆ. ಹಾರ ತುರಾಯಿ, ಶಾಲು, ಹತ್ತು ಜನರ ಭಾಷಣ ಮುಗಿದಾಗ 8. ಹೋದ ಮೂರು ಗಂಟೆಯನ್ನು ಆಟದಿಂದಲೇ ಕತ್ತರಿಸುತ್ತಾರೆ. 20 ನಿಮಿಷದ ಅವಧಿ 10ಕ್ಕೆ, ಕೆಲವು ಕಡೆ 7ಕ್ಕೆ ಇಳಿಯುತ್ತದೆ. ಮೊದಲು ಆಡಿದವರಿಗೆ ಒಂದು ಆಟ, ಆಮೇಲೆ ಆಡಿದವರಿಗೆ ಇನ್ನೊಂದು ಆಟ. ಇಷ್ಟಾದರೂ ಫೈನಲ್ ನಡುರಾತ್ರಿ ಎರಡಕ್ಕೆ, ಅದೂ ಮೈಕ್ ಹಚ್ಚಿಕೊಂಡು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧವಿದೆ. ನಿಯಮ ಮುರಿದ ಕೇಸು ಬಿದ್ದರೆ ಬೀಳುವುದು ಸಂಘದ ಹುಡುಗರ ಮೇಲೆ, ತಡವಾಗಿ ಬಂದವರ ಮೇಲಲ್ಲ.

ತಡವಾದರೆ ಮೈಗೂ ಪೆಟ್ಟು. 15, 20 ನಿಮಿಷ ಮೈ ಬಿಸಿ ಮಾಡಿಕೊಂಡ ಆಟಗಾರನನ್ನು ಸಾಲಿನಲ್ಲಿ ಒಂದು ತಾಸು ನಿಲ್ಲಿಸಿದರೆ ಸ್ನಾಯು ಮತ್ತೆ ಬಿಗಿಯುತ್ತದೆ. ಮೊದಲ ರೇಡಿನಲ್ಲೇ ಕಾಲು ಚಾಚಿದಾಗ ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತದೆ, ಹಿಮ್ಮಡಿ ಹೊರಳುತ್ತದೆ. ಆಟಗಾರರ ತೂಕಕ್ಕೆ ಮಿತಿ ಇಡುವ ಪಂದ್ಯಾವಳಿಗಳಲ್ಲಿ ಇನ್ನೂ ಕಷ್ಟ. ತೂಕ ಇಳಿಸಲು ಹಿಂದಿನ ರಾತ್ರಿಯಿಂದ ಅನ್ನ ನೀರು ಬಿಟ್ಟ ಹುಡುಗರು, ತೂಕ ಹಾಕಿಸಿದ ಕೂಡಲೇ ಉಣ್ಣಬೇಕಾದವರು, ಅತಿಥಿಗಳ ಮೆರವಣಿಗೆಗೆ ಕೈಯಲ್ಲಿ ಬಾವುಟ ಹಿಡಿದು ನಿಂತಿರುತ್ತಾರೆ.

ಅಂಕಣದ ಮಣ್ಣಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದರ ಹಿಂದಿನ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಿರುಗುಪ್ಪ, ಕುರುಗೋಡು ಕಡೆಯ ಎರೆ ಮಣ್ಣು ಒಣಗಿದರೆ ಬಿರಿಯುತ್ತದೆ, ಒದ್ದೆಯಾದರೆ ಕಾಲಿಗೆ ಅಂಟುತ್ತದೆ. ಆದ್ದರಿಂದ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣಕ್ಕೆ ಬೇರೆ ಮಣ್ಣು ತಂದು, ಸೋಸಿ, ಕಲ್ಲು ಆರಿಸಿ, ಮರದ ಹೊಟ್ಟು ಬೆರೆಸಿ, ನೀರು ಚಿಮುಕಿಸಿ ಹದ ಮಾಡುತ್ತಾರೆ. ಆ ಹದದ ಮೇಲೆ ಸನ್ಮಾನ ಇಟ್ಟುಕೊಂಡರೆ ನೂರಾರು ಜನ ಚಪ್ಪಲಿ ಹಾಕಿಕೊಂಡು ತುಳಿಯುತ್ತಾರೆ. ಮಣ್ಣು ಗಟ್ಟಿಯಾಗುತ್ತದೆ, ಬ್ಯಾಡ್ಜಿನ ಪಿನ್ನು, ಹಾರದ ತಂತಿ, ಪಟಾಕಿಯ ಚೂರು ಅದರೊಳಗೆ ಸೇರುತ್ತವೆ. ಹತ್ತು ನಿಮಿಷದ ನಂತರ ಅದೇ ಜಾಗದಲ್ಲಿ ಬರಿಗಾಲಿನ ಹುಡುಗ ಮಂಡಿಯೂರಿ ಬೀಳುತ್ತಾನೆ. ವಾಲಿಬಾಲ್ ಅಂಕಣದ ಸುತ್ತ ಕನಿಷ್ಠ 3 ಮೀಟರ್ ಖಾಲಿ ಜಾಗ ಇರಬೇಕೆಂದು ನಿಯಮವೇ ಇದೆ. ಕಬ್ಬಿಣದ ಚೌಕಟ್ಟಿನ ಫ್ಲೆಕ್ಸ್ ನಿಲ್ಲಿಸುವುದು ಸರಿಯಾಗಿ ಅಲ್ಲಿಯೇ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು. ಚೆಂಡಿನ ಹಿಂದೆ ಓಡುವವನು ಆ ಚೌಕಟ್ಟಿಗೆ ಹೋಗಿ ಬಡಿಯುತ್ತಾನೆ.

ಇನ್ನು ಆಟಗಾರನ ಮುಖದ ವಿಷಯ. ರಾಜ್ಯ ಮಟ್ಟದಲ್ಲಿ ಗೆದ್ದು ಬಂದ ಹುಡುಗಿಗೆ ಶಾಲು ಹೊದಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಮೂರನೇ ದಿನ ಬಳ್ಳಾರಿಯ ರಾಯಲ್ ವೃತ್ತದಲ್ಲಿ ಅವಳ ಫೋಟೊ ಒಬ್ಬ ನಾಯಕರ ಪಕ್ಕದಲ್ಲಿ ಎದ್ದು ನಿಲ್ಲುತ್ತದೆ. ಆಕೆಯನ್ನು ಯಾರೂ ಕೇಳಿರುವುದಿಲ್ಲ. ಊರಿನಲ್ಲಿ ಎರಡು ಬಣ ಇದ್ದರೆ ಇನ್ನೊಂದು ಬಣದವರು ಮುಂದಿನ ವರ್ಷ ಆಕೆಯ ತಂಡಕ್ಕೆ ಅಭ್ಯಾಸದ ಜಾಗ ಕೊಡುವುದಿಲ್ಲ. ಕ್ರೀಡಾ ಕೋಟಾದಲ್ಲಿ ಪೊಲೀಸ್, ರೈಲ್ವೆ ಸೇರಿದವರಿಗೆ ಅಪಾಯ ಇನ್ನೂ ದೊಡ್ಡದು. ರಾಜ್ಯದ ನೌಕರರಿಗೆ 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳಿವೆ, ರೈಲ್ವೆಯವರಿಗೆ 1966ರ ನಡತೆ ನಿಯಮಗಳಿವೆ, ಎರಡೂ ರಾಜಕೀಯ ಚಟುವಟಿಕೆಗೆ ಅವಕಾಶ ಕೊಡುವುದಿಲ್ಲ. ಯಾರೋ ಅಂಟಿಸಿದ ಫ್ಲೆಕ್ಸಿಗೆ ವಿವರಣೆ ಬರೆದುಕೊಡಬೇಕಾದವನು ಆಟಗಾರ.

ಒಂದು ಎನರ್ಜಿ ಪಾನೀಯಕ್ಕೋ ಬೂಟಿಗೋ ಆಟಗಾರ ಜಾಹೀರಾತು ಕೊಟ್ಟರೆ ಅದಕ್ಕೆ ಕಾನೂನಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿನಲ್ಲಿ ಕಾಣಿಸಿಕೊಂಡವರಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು, ಒಂದು ವರ್ಷದವರೆಗೆ, ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಜಾಹೀರಾತು ಮಾಡದಂತೆ ತಡೆಯಬಹುದು. ಕಂಪನಿಯಿಂದ ಹಣ ಪಡೆದಿದ್ದರೆ ಅದನ್ನು ಬಹಿರಂಗವಾಗಿ ಹೇಳಬೇಕೆಂದು 2022ರ ಮಾರ್ಗಸೂಚಿ ಹೇಳುತ್ತದೆ. ಆದರೆ ಈ ಕಾಯ್ದೆ ಸರಕು ಮತ್ತು ಸೇವೆಗಳಿಗೆ ಮಾತ್ರ. ಪಕ್ಷವನ್ನು, ನಾಯಕರನ್ನು ಹೊಗಳಲು ಆಟಗಾರನಿಗೆ ಏನು ಕೊಟ್ಟರು, ಕೊಟ್ಟರೋ ಇಲ್ಲವೋ, ಹೇಳುವ ಕಟ್ಟುಪಾಡು ಅದರಲ್ಲಿ ಇಲ್ಲ.

ಚುನಾವಣಾ ಕಾನೂನು ಇದೆಯಲ್ಲ ಎಂದು ತಾವು ಹೇಳಬಹುದು. ಇದೆ, ಅದು ಬಲವಾಗಿಯೂ ಇದೆ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಚುನಾವಣಾ ಪೋಸ್ಟರಿನ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು, ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಟಿ.ವಿ.ಗೂ ಸಾಮಾಜಿಕ ಜಾಲತಾಣಕ್ಕೂ ಹಾಕುವ ರಾಜಕೀಯ ಜಾಹೀರಾತನ್ನು ಮಾಧ್ಯಮ ಪ್ರಮಾಣೀಕರಣ ಸಮಿತಿ ಮೊದಲೇ ನೋಡಿ ಒಪ್ಪಬೇಕು. ಮಾನ್ಯತೆ ಪಡೆದ ಪಕ್ಷ 40 ತಾರಾ ಪ್ರಚಾರಕರ ಪಟ್ಟಿ ಕೊಡಬಹುದು, ಆ ಪಟ್ಟಿಯಲ್ಲಿಲ್ಲದ ಕ್ರೀಡಾ ತಾರೆಯನ್ನು ಕರೆಸಿದರೆ ಪ್ರಯಾಣದ ಖರ್ಚೂ ಅಭ್ಯರ್ಥಿಯ ಲೆಕ್ಕಕ್ಕೆ ಬರುತ್ತದೆ. ಪ್ರಚಾರಕ್ಕೆ ಮಕ್ಕಳನ್ನು ಬಳಸಬಾರದೆಂದು ಚುನಾವಣಾ ಆಯೋಗ 2024ರ ಫೆಬ್ರವರಿಯಲ್ಲಿ ಕಟ್ಟುನಿಟ್ಟಾಗಿ ಹೇಳಿದೆ. ಉಲ್ಲಂಘನೆಯ ಫೋಟೊ ತೆಗೆದು ಆಯೋಗದ ಸಿ-ವಿಜಿಲ್ ಆ್ಯಪ್‌ಗೆ ಹಾಕಿದರೆ 100 ನಿಮಿಷದೊಳಗೆ ಕ್ರಮ ಆಗಬೇಕು.

ಆದರೆ ಅಭ್ಯರ್ಥಿಯ ಖರ್ಚಿನ ಲೆಕ್ಕ ಶುರುವಾಗುವುದು ನಾಮಪತ್ರ ಸಲ್ಲಿಸಿದ ದಿನದಿಂದ, ಮುಗಿಯುವುದು ಫಲಿತಾಂಶದ ದಿನ. ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷದ ಮಿತಿ ಆ ಕೆಲವು ವಾರಗಳಿಗೆ ಮಾತ್ರ ಅನ್ವಯ. ಅದಕ್ಕೇ ಹುಟ್ಟುಹಬ್ಬದ ಕಪ್‌ಗಳು, ಅಭಿಮಾನಿ ಬಳಗದ ಟ್ರೋಫಿಗಳು, ಉಚಿತ ಕ್ರಿಕೆಟ್ ಕಿಟ್‌ಗಳು ಅದಕ್ಕೂ ಎಷ್ಟೋ ತಿಂಗಳು ಮೊದಲೇ ಊರಿಗೆ ಇಳಿಯುತ್ತವೆ. ಆಗ ಚುನಾವಣಾಧಿಕಾರಿಗೆ ಹಿಡಿತವಿಲ್ಲ. ವರ್ಷವಿಡೀ ಹಿಡಿತ ಇರುವುದು ಮೈದಾನದ ಒಡೆತನ ಇರುವವರಿಗೆ: ಜಿಲ್ಲಾ ಕ್ರೀಡಾಂಗಣಕ್ಕೆ ಕ್ರೀಡಾ ಇಲಾಖೆ, ಊರ ಮೈದಾನಕ್ಕೆ ಪಾಲಿಕೆ, ಪುರಸಭೆ, ಪಂಚಾಯಿತಿ, ಶಾಲಾ ಅಂಗಳಕ್ಕೆ ಶಿಕ್ಷಣ ಇಲಾಖೆ. ಷರತ್ತನ್ನು ತಮ್ಮಿಂದಲೇ ಕೇಳುತ್ತಿರುವುದು ಈ ಕಾರಣಕ್ಕೆ.

ಆಟಗಾರರು ಬಾಯಿ ಮುಚ್ಚಿಕೊಂಡಿರಬೇಕು ಎಂದು ನಾವು ಹೇಳುತ್ತಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಇಲ್ಲದಿದ್ದರೆ ಈ ಪತ್ರವನ್ನೇ ಹಿಡಿದು ಯಾರಾದರೂ ಆಟಗಾರರ ಬಾಯಿಗೆ ಬೀಗ ಹಾಕಿಯಾರು. 2003ರ ಫೆಬ್ರವರಿ 10ರಂದು ಹರಾರೆಯಲ್ಲಿ ನಮೀಬಿಯಾ ವಿರುದ್ಧದ ವಿಶ್ವಕಪ್ ಪಂದ್ಯದಲ್ಲಿ ಜಿಂಬಾಬ್ವೆಯ ಕ್ರಿಕೆಟಿಗರಾದ ಆ್ಯಂಡಿ ಫ್ಲವರ್, ಹೆನ್ರಿ ಒಲಾಂಗ ಕಪ್ಪು ಪಟ್ಟಿ ಕಟ್ಟಿ ತಮ್ಮ ದೇಶದಲ್ಲಿ ಪ್ರಜಾಪ್ರಭುತ್ವ ಸಾಯುತ್ತಿದೆ ಎಂದರು. ಆ ಪಟ್ಟಿ ಕಟ್ಟಿಕೊಂಡದ್ದು ಅವರ ಸ್ವಂತ ತೀರ್ಮಾನ. ಇಬ್ಬರ ಅಂತರರಾಷ್ಟ್ರೀಯ ಆಟವೂ ಆ ವಿಶ್ವಕಪ್ಪಿಗೇ ಮುಗಿಯಿತು. ಸ್ವಂತ ಮಾತಿಗೆ ಸ್ವಂತ ಬೆಲೆ ತೆತ್ತವರು ಅವರು. ನಮ್ಮ ಊರಿನ ಹುಡುಗನ ಬೆನ್ನಿಗೆ ಅಚ್ಚೊತ್ತಿದ ಮುಖ ಅವನು ಆರಿಸಿಕೊಂಡದ್ದಲ್ಲ, ಅದು ಬೇಡ ಎಂದರೆ ತಂಡಕ್ಕೆ ಜೆರ್ಸಿಯೇ ಇಲ್ಲ. ಒಲಿಂಪಿಕ್ ಸನ್ನದಿನ 50ನೇ ನಿಯಮವೂ ಇಲ್ಲೇ ಗೆರೆ ಎಳೆದಿದೆ. ಸ್ಪರ್ಧೆಯ ಜಾಗದಲ್ಲಿ, ಪದಕ ವೇದಿಕೆಯಲ್ಲಿ ರಾಜಕೀಯ ಪ್ರದರ್ಶನ ಬೇಡ, ಆದರೆ 2021ರ ನಂತರ ಪತ್ರಿಕಾಗೋಷ್ಠಿಯಲ್ಲಿ, ತಮ್ಮ ಖಾತೆಗಳಲ್ಲಿ ಆಟಗಾರರು ಅಭಿಪ್ರಾಯ ಹೇಳಬಹುದು ಎನ್ನುತ್ತದೆ. ನಾವೂ ಅಷ್ಟನ್ನೇ ಕೇಳುತ್ತೇವೆ. ಆಟಗಾರ ಪಕ್ಷ ಸೇರಲಿ, ಚುನಾವಣೆಗೆ ನಿಲ್ಲಲಿ, ಹೊರಗೆ ನಿಂತು ತನ್ನ ಹೆಸರಿನಲ್ಲಿ ಮಾತಾಡಲಿ.

ಸಾರ್ವಜನಿಕರಿಗೂ ಒಂದು ವಿನಂತಿ. ನಮ್ಮದೇ ಜಿಲ್ಲೆಯ ತೋರಣಗಲ್ಲಿನ ಬಳಿ, ವಿದ್ಯಾನಗರದ ಕ್ರೀಡಾ ಸಂಸ್ಥೆಯಲ್ಲಿ ಅಭ್ಯಾಸ ಮಾಡಿದ ನೀರಜ್ ಚೋಪ್ರಾ 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಜಾವೆಲಿನ್ ಕೂಟಕ್ಕೆ ಪಾಕಿಸ್ತಾನದ ಅರ್ಷದ್ ನದೀಮ್ ಅವರನ್ನು ಕರೆದದ್ದಕ್ಕೆ, ಪಹಲ್ಗಾಮ್ ದಾಳಿಯ ನಂತರ ಎಷ್ಟು ಬೈಗುಳ ತಿನ್ನಬೇಕಾಯಿತು, ಅವರ ಮನೆಯವರನ್ನೂ ಬಿಡಲಿಲ್ಲ. ಆಹ್ವಾನ ಹೋದದ್ದು ದಾಳಿಗೆ ಮುಂಚೆ ಎಂದು ಅವರೇ ಬರೆದು ತಿಳಿಸಬೇಕಾಯಿತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 87.58 ಮೀಟರ್ ಎಸೆದು ದೇಶಕ್ಕೆ ಚಿನ್ನ ತಂದವರ ದೇಶಪ್ರೇಮವನ್ನು ಪರೀಕ್ಷೆ ಮಾಡುವ ಮಂದಿ, ಊರಿನ ಕಬಡ್ಡಿ ಹುಡುಗನನ್ನು ಬಿಡುತ್ತಾರೆಯೇ?

ಕ್ರೀಡಾ ಸಂಸ್ಥೆಗಳ ಕುರ್ಚಿ ಕಾದಾಟದ ಬಗ್ಗೆ ಬಹಳ ಬರೆಯುವುದಿಲ್ಲ, ದೇಶ ನೋಡಿದೆ. 2012ರ ಡಿಸೆಂಬರಿನಿಂದ 2014ರ ಫೆಬ್ರವರಿವರೆಗೆ ಭಾರತೀಯ ಒಲಿಂಪಿಕ್ ಸಂಸ್ಥೆ ಅಮಾನತಿನಲ್ಲಿತ್ತು. 2022ರ ಆಗಸ್ಟ್‌ನಲ್ಲಿ ಫಿಫಾ ನಮ್ಮ ಫುಟ್‌ಬಾಲ್ ಒಕ್ಕೂಟವನ್ನು ಅಮಾನತು ಮಾಡಿತು. 2023ರಲ್ಲಿ ಕುಸ್ತಿ ಒಕ್ಕೂಟದ ಚುನಾವಣೆ ಸಮಯಕ್ಕೆ ನಡೆಯದೆ ಒಕ್ಕೂಟ ಅಮಾನತಾಯಿತು, ಕುಸ್ತಿಪಟು ಅಂತಿಮ್ ಪಂಘಲ್ ವಿಶ್ವ ಚಾಂಪಿಯನ್‌ಷಿಪ್ಪಿನ ಕಂಚನ್ನು ತ್ರಿವರ್ಣ ಧ್ವಜವಿಲ್ಲದೆ ಗೆದ್ದರು. ಪದಾಧಿಕಾರಿಗಳು ಮಾಡಿದ್ದನ್ನು ಆಟಗಾರರು ಉಂಡರು.

ನಾಯಕರ ದುಡ್ಡು ನಿಂತರೆ ಹಳ್ಳಿಯಲ್ಲಿ ಆಟವೇ ನಿಲ್ಲುತ್ತದೆ ಎಂಬ ಮಾತು ಬರುತ್ತದೆ. ಅದರಲ್ಲಿ ನಿಜ ಇದೆ, ಬಹುಮಾನದ ಹಣ, ಊಟ, ದೀಪ, ಶಾಮಿಯಾನ ಎಲ್ಲಕ್ಕೂ ಸಂಘದ ಹುಡುಗರು ಯಾರ ಮನೆ ಬಾಗಿಲಿಗಾದರೂ ಹೋಗಲೇಬೇಕು. ಕೊಡಬೇಡಿ ಎನ್ನುತ್ತಿಲ್ಲ. ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಸಂಘದ ಖಾತೆಗೆ ಕೊಡಲಿ, ರಸೀದಿ ಪಡೆಯಲಿ. ಮೈದಾನದ ಹೆಬ್ಬಾಗಿಲಲ್ಲಿ 6 ಅಡಿ ಅಗಲ, 3 ಅಡಿ ಎತ್ತರದ ಒಂದೇ ಫಲಕದಲ್ಲಿ ಎಲ್ಲ ದಾನಿಗಳ ಹೆಸರು ಒಂದೇ ಅಳತೆಯ ಅಕ್ಷರದಲ್ಲಿ ಇರಲಿ, ಚಿತ್ರ, ಚಿಹ್ನೆ, ಹುದ್ದೆ ಇಲ್ಲದೆ. ಇನ್ನೊಂದು ಬಾಗಿಲೂ ಇದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆಗಳ ತರಬೇತಿ ಸೇರಿದೆ, ಅಂದರೆ ದೊಡ್ಡ ಕಂಪನಿಗಳು ಲಾಭದ 2 ಶೇಕಡಾ ಸಾಮಾಜಿಕ ಹೊಣೆಗಾರಿಕೆಯ ಹಣದಿಂದ ಇದಕ್ಕೆ ಕೊಡಬಹುದು. ರಾಜಕೀಯ ಪಕ್ಷಕ್ಕೆ ಕೊಟ್ಟದ್ದು, ಜಾಹೀರಾತಿನ ಲಾಭಕ್ಕಾಗಿ ಕೊಟ್ಟ ಪ್ರಾಯೋಜಕತ್ವ ಆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ಕಪ್ಪಿನ ಹೆಸರು ಹಾಕದೆ, ತಿಂಗಳಿಗೆ ಎಷ್ಟು ದಿನ, ಎಷ್ಟು ಮಕ್ಕಳಿಗೆ, ಯಾವ ಆಟದ ತರಬೇತಿ ಎಂದು ಬರೆಯಬೇಕು. ಗಣಿಗಳೂ ಉಕ್ಕಿನ ಕಾರ್ಖಾನೆಗಳೂ ಇರುವ ಜಿಲ್ಲೆ ನಮ್ಮದು. ಅಂಥ ಅರ್ಜಿ ಬರೆಯಲು ಸಂಘಗಳಿಗೆ ವರ್ಷಕ್ಕೆ ಎರಡು ಬಾರಿ ಕ್ರೀಡಾ ಇಲಾಖೆಯಲ್ಲಿ ಅರ್ಧ ದಿನ ಕೂರಿಸಿ ಹೇಳಿಕೊಟ್ಟರೆ ದೊಡ್ಡ ಉಪಕಾರ.

ಮತದಾನದ ಜಾಗೃತಿಗೆ ತಾವೇ ಆಟಗಾರರನ್ನು ಬಳಸುತ್ತೀರಿ, ಅದು ಒಳ್ಳೆಯ ಕೆಲಸ. ಆದರೆ ಕಾಗದದ ಕೆಲಸ ಮೊದಲು ಮುಗಿಸಿ. 2019ರಲ್ಲಿ ರಾಜ್ಯದ ಚುನಾವಣಾ ರಾಯಭಾರಿಯಾಗಿದ್ದ ರಾಹುಲ್ ದ್ರಾವಿಡ್ ಅವರಿಗೇ ಮತ ಹಾಕಲು ಆಗಲಿಲ್ಲ. ಮನೆ ಬದಲಾದಾಗ ಹಳೆಯ ಹೆಸರು ತೆಗೆಯುವ ನಮೂನೆ 7 ಹೋಗಿತ್ತು, ಹೊಸ ವಿಳಾಸದಲ್ಲಿ ಸೇರಿಸುವ ನಮೂನೆ 6 ಹೋಗಿರಲಿಲ್ಲ. ಈಗ ವಿಳಾಸ ಬದಲಾವಣೆಗೆ ನಮೂನೆ 8 ಸಾಕು. ರಾಯಭಾರಿ ಆರಿಸಿದ ದಿನವೇ ಅವರ ಹೆಸರು ಪಟ್ಟಿಯಲ್ಲಿದೆಯೇ ನೋಡಿ.

ಷರತ್ತು ಕಾಗದದಲ್ಲೇ ಉಳಿಯಬಾರದು, ಆದ್ದರಿಂದ ನಡೆಸುವ ಬಗೆಯನ್ನೂ ಹೇಳುತ್ತೇವೆ. ಅರ್ಜಿಯ ಜೊತೆ ಜೆರ್ಸಿಯ ಮುಂದು ಹಿಂದಿನ ನಮೂನೆ, ಪಂದ್ಯಗಳ ವೇಳಾಪಟ್ಟಿ, ದಾನಿಗಳ ಪಟ್ಟಿ ಏಳು ದಿನ ಮೊದಲೇ ಬರಲಿ. ಸಭಾ ಕಾರ್ಯಕ್ರಮ ಅಂಕಣದ ಹೊರಗೆ, 30 ನಿಮಿಷಕ್ಕೆ ಮೀರದಂತೆ. ಅತಿಥಿ ಬರಲಿ ಬಿಡಲಿ, ಬರೆದ ಹೊತ್ತಿಗೆ ಮೊದಲ ಸೀಟಿ. ಪಂದ್ಯಕ್ಕೆ ಒಂದು ತಾಸು ಮೊದಲು ರೆಫ್ರಿಗಳು ಅಳತೆಪಟ್ಟಿ ಹಿಡಿದು ಸಂಖ್ಯೆಯ ಎತ್ತರ ನೋಡುತ್ತಾರೆ. ಷರತ್ತು ಮೀರಿದ ಜೆರ್ಸಿ ಹಾಕಿದ ತಂಡಕ್ಕೆ ಕೊಡಲು ಸಂಖ್ಯೆ ಮಾತ್ರ ಇರುವ ಎರಡು ಬಣ್ಣದ 12, 12 ಬಿಡಿ ಅಂಗಿಗಳನ್ನು ಸಂಘಟಕರು ಇಟ್ಟುಕೊಂಡಿರಬೇಕು. ತಪ್ಪು ಅಂಗಿಯದು, ಹುಡುಗರನ್ನು ಆಟದಿಂದ ಹೊರಗಿಡುವುದು ನ್ಯಾಯವಲ್ಲ. ಚಿತ್ರ ಬಳಕೆಯ ಒಪ್ಪಿಗೆ ಪತ್ರದಲ್ಲಿ ಯಾವ ಚಿತ್ರ, ಎಲ್ಲಿ, ಎಷ್ಟು ದಿನ, ಎಷ್ಟು ಹಣ, ಬೇಡವೆಂದಾಗ ಎಷ್ಟು ದಿನದಲ್ಲಿ ತೆಗೆಯಬೇಕು ಎಂಬ ಐದು ವಿವರ ಕನ್ನಡದಲ್ಲಿ ಇರಬೇಕು. 18 ತುಂಬದವರ ಚಿತ್ರ ರಾಜಕೀಯ ಫಲಕಕ್ಕೆ ಪೋಷಕರ ಸಹಿ ಇದ್ದರೂ ಬೇಡ. ಷರತ್ತು ಮುರಿದ ಸಂಘಟಕರಿಗೆ ಠೇವಣಿ ಹಣ ವಾಪಸ್ ಇಲ್ಲ, ಒಂದು ವರ್ಷ ಮೈದಾನ ಇಲ್ಲ. ಆಡಳಿತದಲ್ಲಿ ಇರುವವರಿಗೂ ವಿರೋಧದಲ್ಲಿ ಇರುವವರಿಗೂ ಇದು ಒಂದೇ ಆಗಿರಬೇಕು. ಒಬ್ಬರಿಗೆ ಸಡಿಲ ಬಿಟ್ಟರೂ ಮರುದಿನವೇ ಅದು ಸುದ್ದಿಯಾಗುತ್ತದೆ, ಆಮೇಲೆ ಯಾವ ರೆಫ್ರಿಯ ಮಾತನ್ನೂ ಯಾರೂ ಕೇಳುವುದಿಲ್ಲ.

ಷರತ್ತಿನ ಕರಡನ್ನು, ಒಪ್ಪಿಗೆ ಪತ್ರದ ನಮೂನೆಯನ್ನು ಈ ಪತ್ರದ ಜೊತೆ ಇಟ್ಟಿದ್ದೇವೆ. ಬದಲಾಯಿಸಬೇಕಾದ ಸಾಲುಗಳಿದ್ದರೆ ಕರೆಯಿರಿ, ಬಂದು ಕೂತು ತಿದ್ದಿಕೊಡುತ್ತೇವೆ. ಮುಂದಿನ ದಸರಾ ಕ್ರೀಡಾಕೂಟದ ತಾಲ್ಲೂಕು ಹಂತಕ್ಕೆ ಮುಂಚೆ ಆದೇಶ ಹೊರಟರೆ, ಜೆರ್ಸಿ ಹೊಲಿಸಲು ಕೊಡುವವರಿಗೂ ಸಮಯ ಸಿಗುತ್ತದೆ.

ತಮ್ಮ ವಿಶ್ವಾಸಿಗಳು,
ಬಳ್ಳಾರಿ ಜಿಲ್ಲೆಯ ಕೆಲವು ತೀರ್ಪುಗಾರರು, ಸ್ಕೋರರ್‌ಗಳು, ತರಬೇತುದಾರರು